ಕ್ಷಯದ ಸೋಂಕೂ ರಕ್ತದ ಮುನ್ಸೂಚನೆಯೂ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳಲ್ಲಿ ಆಷಾಢದ ಜಡಿಮಳೆ ಹಿಡಿಯಿತೆಂದರೆ ಮನೆಯ ಕದ ಕಿಟಕಿಗಳು ದಿನಗಟ್ಟಲೆ ಮುಚ್ಚಿಯೇ ಇರುವುವು. ಅಂತಹ ಮನೆಯೊಂದರಲ್ಲಿ ಒಬ್ಬನಿಗೆ ಶ್ವಾಸಕೋಶದ ಕ್ಷಯವಿದೆಯೆಂದು ಭಾವಿಸೋಣ. ಅವನ ಕೆಮ್ಮಿನಿಂದ ಹೊರಟ ರೋಗಾಣುಗಳು ತೇಲುತ್ತಿರುವ ಗಾಳಿಯನ್ನೇ ತಾಯಿ, ಹೆಂಡತಿ, ಮಕ್ಕಳೆಲ್ಲರೂ ಉಸಿರಾಡುತ್ತಾರೆ. ಇವರಲ್ಲಿ ಮುಂದೆ ರೋಗಿಗಳಾಗುವವರು ಯಾರು?

ಸೋಂಕು ಬೇರೆ, ರೋಗ ಬೇರೆ. 1882ರಲ್ಲಿ ರಾಬರ್ಟ್ ಕಾಖ್ ಪಂಡಿತನು ಕಂಡುಹಿಡಿದ ಈ ರೋಗಾಣು ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರವೇ ಜೀವಮಾನದಲ್ಲಿ ರೋಗಕ್ಕೆ ಈಡಾಗುವರು. ಮೊದಲ ಎರಡು ವರ್ಷಗಳೇ ಹೆಚ್ಚು ಅಪಾಯಕರ. ರೋಗವು ತಲೆದೋರಿದ ಮೇಲೆ ಮಾತ್ರ ಅದು ಹಗುರವಾದುದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರ ವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಪರಿಶೀಲನೆಯಲ್ಲಿ, ಕಫದಲ್ಲಿ ರೋಗಾಣು ಕಂಡವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ಮೃತರಾದರು. ಕ್ರಮವಾದ ಚಿಕಿತ್ಸೆಯು ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲಪದಿದ್ದ ಕಾಲವದು.

ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆಯಾಗಲಿ, ಇಂಟರ್‌ಫೆರಾನ್ ಗಾಮಾ ಎಂಬ ರಕ್ತಪರೀಕ್ಷೆಯಾಗಲಿ ಬೀಜವು ಬಿದ್ದಿದೆಯೆಂಬುದನ್ನಷ್ಟೇ ತಿಳಿಸಬಲ್ಲುದು. ಮೊಳೆಯುವುದೋ ಇಲ್ಲವೋ ಎಂಬುದನ್ನಲ್ಲ. ಮೊಳಕೆಯ ಸುಳಿವನ್ನು ಬಿಳಿಯ ರಕ್ತಕಣಗಳಲ್ಲಿ ಹುಡುಕುವುದೇ ಹೊಸ ಪ್ರಯತ್ನ. ರೋಗಾಣು ವೃದ್ಧಿಯಾಗತೊಡಗಿದಾಗ ಈ ಕಣಗಳ ಕೆಲವು ಜೀನುಗಳು ಎಚ್ಚತ್ತು ಆರ್.ಎನ್.ಎ. ಎಂಬ ಸಂದೇಶವಸ್ತುವನ್ನು ಅಧಿಕವಾಗಿ ಹೊರಡಿಸುತ್ತವೆ. ದಕ್ಷಿಣ ಆಫ್ರಿಕೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹದಿಹರೆಯದವರ ರಕ್ತವನ್ನು ಕಾದಿರಿಸಿ, ಮುಂದೆ ರೋಗಿಗಳಾದವರ ರಕ್ತವನ್ನು ಇತರರದರೊಡನೆ ಹೋಲಿಸಿ, ಇಂತಹ 16 ಜೀನುಗಳ ಗುರುತನ್ನು 2016ರಲ್ಲಿ ಪ್ರಕಟಿಸಿದರು. ರೋಗಕ್ಕೆ ಮುಂಚಿನ ಹನ್ನೆರಡು ತಿಂಗಳಲ್ಲಿ ಅದು ಮೂವರಲ್ಲಿ ಇಬ್ಬರನ್ನು ಗುರುತಿಸಿತು. ಆದರೆ ನಿರೋಗಿಗಳಲ್ಲಿಯೂ ಐವರಲ್ಲಿ ಒಬ್ಬನನ್ನು ತಪ್ಪಾಗಿ ತೋರಿಸಿತು.

ವಾಚಕರು ಇಲ್ಲಿ ತುಸು ಲೆಕ್ಕ ಹಾಕಬೇಕು. ಸೋಂಕು ತಗಲಿದ ನೂರು ಮಂದಿಯಲ್ಲಿ ಇಬ್ಬರು ವರ್ಷದೊಳಗೆ ರೋಗಿಗಳಾಗುವರೆಂದು ಇಟ್ಟುಕೊಂಡರೆ, ಆ ಇಬ್ಬರಲ್ಲಿ ಒಬ್ಬನು ತಪ್ಪಿಹೋದರೂ ಹೋದಾನು. ಉಳಿದ 98 ಮಂದಿಯಲ್ಲಿ ಸುಮಾರು 19 ಮಂದಿ ನಿಷ್ಕಾರಣವಾಗಿ ಭಯಪಡಬೇಕಾಗುವುದು. ಇದಲ್ಲದೆ ನೆಗಡಿಯಂತಹ ವೈರಸ್ ಸೋಂಕುಗಳಲ್ಲಿಯೂ ಇವೇ ಜೀನುಗಳು ಎಚ್ಚರಗೊಳ್ಳುವುವು; ನಮ್ಮ ಮಳೆಗಾಲದಲ್ಲಿ ಇದು ಸಣ್ಣ ತೊಡಕಲ್ಲ. ಆಫ್ರಿಕೆಯಲ್ಲಿಯೇ ಇಂತಹ 11 ಜೀನುಗಳ ಗುರುತಿದ್ದವರಿಗೆ ಮುಂಜಾಗ್ರತೆಯ ಔಷಧವನ್ನು ಕೊಟ್ಟು ನೋಡಿದಾಗ ರೋಗವು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಈ ಗುರುತು ಮೂಡುವ ವೇಳೆಗೆ ಬೆಂಕಿಯು ಆಗಲೇ ಹೊತ್ತಿಕೊಂಡಿರುತ್ತದೆಯೋ ಏನೋ ಎಂದು ನನಗೆ ತೋರುತ್ತದೆ.

ಆದಕಾರಣ ಮೇಲೆ ಹೇಳಿದ ಮನೆಯಲ್ಲಿ ಸದ್ಯಕ್ಕೆ ಮಾಡಬೇಕಾದುದು ಹಳೆಯ ಕೆಲಸವೇ: ಎಲ್ಲರ ಕೆಮ್ಮು, ಜ್ವರ, ತೂಕಗಳನ್ನು ವಿಚಾರಿಸಿ, ಬೇಕಾದಲ್ಲಿ ಎಕ್ಸ್‌ರೇ ಮತ್ತು ಕಫಪರೀಕ್ಷೆ ಮಾಡಿಸಿ, ರೋಗವಿಲ್ಲವೆಂದು ಖಚಿತವಾದವರಿಗೆ ಆರು ತಿಂಗಳು ಐಸೋನಿಯಾಜಿಡ್ಡನ್ನೋ, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಅದರೊಡನೆ ರಿಫಾಪೆಂಟೀನನ್ನೋ ವೈದ್ಯರ ಸಲಹೆಯಂತೆ ಕೊಡಿಸುವುದು. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಸೋಂಕಿನ ಪರೀಕ್ಷೆಗಾಗಿ ಕಾಯಬೇಕಾದುದೂ ಇಲ್ಲ.