ಒಂದೇ ಮೇಟಿಯ ಎರಡು ಎತ್ತುಗಳು

ಸುಗ್ಗಿಯ ಕಣದಲ್ಲಿ ಒಂದೇ ಮೇಟಿಯ ಸುತ್ತ ಎರಡು ಎತ್ತುಗಳು ಬೇರೆಬೇರೆ ಹಗ್ಗಗಳಲ್ಲಿ ತಿರುಗುತ್ತಿವೆಯೆಂದು ಭಾವಿಸೋಣ. ಮೊದಲನೆಯದು ಸಮಗತಿಯಿಂದ ನಡೆಯುತ್ತದೆ. ಎರಡನೆಯದು ಮೇಟಿಯ ಕಡೆಗೆ ಸರಿದಾಗ ಹೆಜ್ಜೆಯನ್ನು ಚುರುಕುಗೊಳಿಸಿ ಮುಂದಾಗುತ್ತದೆ, ಹೊರಕ್ಕೆ ಸರಿದಾಗ ನಿಧಾನಿಸಿ ಹಿಂದೆ ಬೀಳುತ್ತದೆ. ಆದರೂ ಸುತ್ತು ಮುಗಿಸಲು ಎರಡಕ್ಕೂ ಹಿಡಿಯುವ ಕಾಲ ಒಂದೇ. ಮೊದಲನೆಯ ಎತ್ತಿನ ಬೆನ್ನೇರಿ ಕುಳಿತ ಬಾಲಕನಿಗೆ ಸಂಗಡಿಗ ಎತ್ತು ಒಮ್ಮೆ ಮುಂದೆ, ಒಮ್ಮೆ ಹೊರಮಗ್ಗುಲಲ್ಲಿ, ಒಮ್ಮೆ ಹಿಂದೆ, ಮತ್ತೊಮ್ಮೆ ಒಳಮಗ್ಗುಲಲ್ಲಿ ಕಾಣಿಸಿಕೊಳ್ಳುವುದರಿಂದ, ಅದು ತನ್ನನ್ನೇ ಸುತ್ತುತ್ತಿದೆಯೆಂದು ಅವನು ಬಗೆದರೆ ಆಶ್ಚರ್ಯವಿಲ್ಲ. ಮೇಟಿಯೇ ಸೂರ್ಯ, ಬಾಲಕನನ್ನು ಹೊತ್ತ ಎತ್ತು ನಮ್ಮ ಭೂಮಿ, ಇನ್ನೊಂದು, ಕಮೋಓಆಲೇವ ಎಂಬ ಕ್ಷುದ್ರಗ್ರಹ.

2016ರ ಏಪ್ರಿಲ್ 27ರಂದು ಹವಾಯಿಯ ಹಲೆಯಾಕಲಾ ಪರ್ವತದ ಮೇಲಿನ ಪ್ಯಾನ್‌ಸ್ಟಾರ್ಸ್ ದೂರದರ್ಶಕಕ್ಕೆ ಗೋಚರಿಸಿದ ಈ ಶಿಲಾಖಂಡಕ್ಕೆ ಆ ದ್ವೀಪವಾಸಿಗಳ ಸೃಷ್ಟಿಗೀತದಿಂದಲೇ ಹೆಸರನ್ನು ಆರಿಸಿದರು. ಓಲಾಡುತ್ತ ಸಾಗುವ ತುಣುಕು ಎಂಬ ಅರ್ಥಚ್ಛಾಯೆ ಆ ಹೆಸರಿಗುಂಟು. ಇಷ್ಟು ಅನ್ವರ್ಥವಾದ ನಾಮಕರಣ ಖಗೋಳದಲ್ಲಿ ವಿರಳವೆಂದೇ ನನ್ನ ಎಣಿಕೆ. ಅದರ ಗಾತ್ರ 40ರಿಂದ 100 ಮೀಟರಿನೊಳಗೆ. ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು ಸುಮಾರು 28 ನಿಮಿಷ.

ಹಾಗಾದರೆ ಇದನ್ನು ಎರಡನೆಯ ಚಂದ್ರನೆನ್ನಬಹುದೆ? ಕೂಡದು. ಸುಮಾರು 15 ಲಕ್ಷ ಕಿಲೋಮೀಟರಿನಾಚೆ ಭೂಮಿಯ ಆಕರ್ಷಣೆಗೆ ಉಪಗ್ರಹವೊಂದನ್ನು ಹಿಡಿದಿಡುವ ಬಲ ಸಾಲದು. ಇದಾದರೋ ಚಂದ್ರನ ದೂರದ 38 ಪಟ್ಟಿಗಿಂತ ಸಮೀಪಕ್ಕೆ ಬಾರದು, ಅಂತೆಯೇ 100 ಪಟ್ಟನ್ನು ಮೀರಿ ಅಗಲದು. ಹಾಗೆ ಅಗಲದಂತೆ ಮಾಡುವುದು ಮಾತ್ರ ಭೂಮಿಯ ಮೃದುವಾದ ಸೆಳೆತವೇ. ಸೂರ್ಯನನ್ನು ಸುತ್ತಲು ಅದಕ್ಕೆ ಬೇಕಾದ ಸುಮಾರು 366 ದಿನಗಳಲ್ಲಿ ಅತ್ಯಲ್ಪ ವ್ಯತ್ಯಾಸವುಂಟಾಗಿ, ವರ್ಷವರ್ಷಕ್ಕೂ ಅದು ಕೊಂಚಕೊಂಚವೇ ಮುಂದಕ್ಕೋ ಹಿಂದಕ್ಕೋ ಜಾರತೊಡಗಿದಾಗ, ಈ ಸೆಳೆತ ಅದನ್ನು ಮರಳಿ ಜೊತೆಗೆ ತರುತ್ತದೆ. ಸರಿಸುಮಾರು ಒಂದು ಶತಮಾನದಿಂದ ನಡೆದುಬಂದಿರುವ ಈ ಸಾಹಚರ್ಯ ಇನ್ನೂ ಕೆಲವು ಶತಮಾನ ಮುಂದುವರಿಯುವುದೆಂದು ಗಣಿತ ಹೇಳುತ್ತದೆ.

ಬರಿಗಣ್ಣಿಗೆ ಕಾಣುವ ಅತಿ ಮಸಕಾದ ನಕ್ಷತ್ರಕ್ಕಿಂತಲೂ ಇದು ಸುಮಾರು 40 ಲಕ್ಷ ಪಟ್ಟು ಮಂಕು. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಆಸುಪಾಸಿನಲ್ಲಿ ಮಾತ್ರ ಹೇಗೋ ಎಟಕುವ ಆ ಬೆಳಕನ್ನು ಅರಿಜೋನಾದ ವಿಜ್ಞಾನಿಗಳು ಬೃಹತ್ ದೂರದರ್ಶಕದಿಂದ ಸಂಗ್ರಹಿಸಿ, ವರ್ಣಪಟಲವಾಗಿ ಬಿಡಿಸಿ ನೋಡಿದರು. ಅದು ಸಾಮಾನ್ಯ ಕ್ಷುದ್ರಗ್ರಹಗಳನ್ನು ಹೋಲದೆ, ಅಪೊಲೊ ಯಾತ್ರಿಕರು ಹೊತ್ತು ತಂದ ಚಂದ್ರಶಿಲೆಗಳನ್ನು ಹೋಲಿತೆಂದು 2021ರಲ್ಲಿ ಪ್ರಕಟಿಸಿದರು. ಎಂದೋ ಉಲ್ಕೆಯೊಂದು ಅಪ್ಪಳಿಸಿದ ರಭಸಕ್ಕೆ ಚಂದ್ರನ ಮೈಯಿಂದ ಸಿಡಿದ ಚೂರು ಇದಾಗಿರಬಹುದು. ಅದರ ಮಣ್ಣನ್ನು ತರುವ ಉದ್ದೇಶದಿಂದ ಚೀನಾದ ತಿಯಾನ್‌ವೆನ್-2 ನೌಕೆ 2025ರ ಮೇ ತಿಂಗಳಲ್ಲಿ ಶೀಚಾಂಗ್‌ನಿಂದ ಹೊರಟಿತು. ಆ ಹಿಡಿಮಣ್ಣು ಚಂದ್ರಶಿಲೆಯ ಪಕ್ಕದಲ್ಲಿ, ಒಂದೇ ಸೂಕ್ಷ್ಮದರ್ಶಕದಡಿಯಲ್ಲಿ ಕೂಡಿದ ದಿನ ಅವೆರಡರ ನಂಟು ನಿರ್ಣಯವಾಗುವುದು.