ರಕ್ಷೆಯೇ ಶಿಕ್ಷೆಯಾದಾಗ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಉಪ್ಪು ಹೆಚ್ಚಾದರೆ ಅಡಿಗೆ ಕೆಡುವುದೆಂಬ ಮಾತನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ತಾಯಿಯ ಅಕ್ಕರೆ ಮಿತಿಮೀರಿದರೆ ಏನಾದೀತು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಇಂಗ್ಲಿಷ್ ಕಾದಂಬರಿಯೊಂದನ್ನು ಈಚೆಗೆ ಮಗಳ ಮೇಜಿನ ಮೇಲೆ ಕಂಡು ಓದಿದೆ. ಹದಿಹರೆಯದವರಿಗಾಗಿ ಬರೆದ ಪುಸ್ತಕವದು. ಆದರೆ ಮೊದಲು ಓದಬೇಕಾದವರು ಹೆತ್ತವರೇ ಎಂದು ತೋರಿದ್ದರಿಂದ ಈ ನಾಲ್ಕು ಮಾತು.

ಕಾದಂಬರಿಯ ಹೆಸರು ‘ಎವೆರಿಥಿಂಗ್, ಎವೆರಿಥಿಂಗ್’. ಜಮೈಕಾದಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲೆಸಿದ ನಿಕೊಲಾ ಯೂನ್ ಅವರ ಈ ಮೊದಲ ಕೃತಿ 2015ರಲ್ಲಿ ಪ್ರಕಟವಾಯಿತು. 2017ರಲ್ಲಿ ಚಲನಚಿತ್ರವೂ ಆಯಿತು. ಚೊಚ್ಚಲ ಮಗಳು ಇನ್ನೂ ಹಸುಗೂಸಾಗಿದ್ದಾಗ, ಹೊಸ ತಾಯಿಯನ್ನು ಕಾಡುವ ಆತಂಕದಲ್ಲಿಯೇ ಲೇಖಕಿಗೆ ಈ ಕಥೆ ಹೊಳೆಯಿತಂತೆ.

ಕಥಾನಾಯಕಿ ಮ್ಯಾಡೆಲಿನ್‌ಗೆ ಹದಿನೆಂಟು ತುಂಬುತ್ತಿದೆ. ಲಾಸ್ ಏಂಜಲಿಸ್ ನಗರದ ತನ್ನ ಮನೆಯ ಹೊಸ್ತಿಲನ್ನು ಅವಳು ಬುದ್ಧಿ ತಿಳಿದಾಗಿನಿಂದ ದಾಟಿಲ್ಲ. ಜಗತ್ತಿನ ಯಾವ ಸೋಂಕೂ ಪ್ರಾಣ ತೆಗೆಯಬಲ್ಲಂಥ ರೋಗ ಅವಳಿಗಿದೆಯೆಂದು ತಾಯಿ ಹೇಳಿದ್ದಾಳೆ. ಮನೆಯೊಳಗಿನ ಗಾಳಿಯೂ ಸೋಸಿದ್ದು, ಕೈಗೆ ಬರುವ ಪುಸ್ತಕವೂ ಶುದ್ಧೀಕರಿಸಿದ್ದು. ತಾಯಿ ಪಾಲೀನ್ ಸ್ವತಃ ವೈದ್ಯೆ. ಗಂಡನನ್ನೂ ಮಗನನ್ನೂ ರಸ್ತೆ ಅಪಘಾತದಲ್ಲಿ ಕಳೆದುಕೊಂಡವಳು. ಅವಳು ಗದರಿಸುವ ತಾಯಿಯಲ್ಲ. ಮಗಳೊಡನೆ ಆಟವಾಡುತ್ತಾಳೆ, ಹುಟ್ಟುಹಬ್ಬ ಆಚರಿಸುತ್ತಾಳೆ, ಪ್ರೀತಿಯಲ್ಲಿ ಕೊರತೆ ಮಾಡುವುದಿಲ್ಲ. ಪಕ್ಕದ ಮನೆಗೆ ಆಲಿ ಎಂಬ ಯುವಕ ಬಂದ ಮೇಲೆ ಆ ಗಾಜಿನ ಗೂಡು ಬಿರುಕು ಬಿಡುತ್ತದೆ. ಅವನನ್ನು ಒಳಗೆ ಬಿಟ್ಟ ತಪ್ಪಿಗೆ ಹದಿನೈದು ವರ್ಷ ಸೇವೆ ಮಾಡಿದ ದಾದಿ ಕಾರ್ಲಾಳನ್ನೇ ತಾಯಿ ಕೆಲಸದಿಂದ ತೆಗೆಯುತ್ತಾಳೆ. ಹುಡುಗಿ ಅವನೊಡನೆ ಹವಾಯಿ ದ್ವೀಪಕ್ಕೆ ಓಡಿಹೋಗುತ್ತಾಳೆ. ಅಲ್ಲಿ ಕಾಯಿಲೆ ಬಿದ್ದು ಸಾವಿನ ಅಂಚು ಮುಟ್ಟುತ್ತಾಳೆ.

ಅಲ್ಲಿ ಚಿಕಿತ್ಸೆ ಮಾಡಿದ ವೈದ್ಯೆಯ ಪತ್ರದಿಂದ ಗುಟ್ಟು ಒಡೆಯುತ್ತದೆ. ಹುಡುಗಿಗೆ ಆ ರೋಗವೇ ಇಲ್ಲವೆಂದು ಆಕೆಯ ಅಭಿಪ್ರಾಯ. ತಾಯಿಯ ಕಡತಗಳಲ್ಲಿ ಸಣ್ಣಪುಟ್ಟ ಕಾಗದಗಳೆಲ್ಲ ಜೋಪಾನವಾಗಿವೆ. ರೋಗವನ್ನು ಖಚಿತಪಡಿಸುವ ಒಂದು ಪರೀಕ್ಷಾ ವರದಿಯೂ ಇಲ್ಲ! ಅಪಘಾತದ ಬೆನ್ನಲ್ಲೇ ಕೂಸಿಗೆ ಕಾಯಿಲೆ ಬಂದಾಗ, ಉಳಿದ ಇದೊಂದನ್ನಾದರೂ ಉಳಿಸಿಕೊಳ್ಳಬೇಕೆಂಬ ಭಯವೇ ತಾಯಿಯ ಮನಸ್ಸಿನಲ್ಲಿ ರೋಗವಾಗಿ ನಿಂತುಬಿಟ್ಟಿತ್ತು.

ಕಾದಂಬರಿ ಹೆಸರಿಸುವ ‘ಎಸ್.ಸಿ.ಐ.ಡಿ.’ ಕಲ್ಪನೆಯ ರೋಗವಲ್ಲ. ಹುಟ್ಟಿನಿಂದಲೇ ದೇಹದ ರೋಗನಿರೋಧಕ ಶಕ್ತಿ ಇಲ್ಲದಂತಾಗುವ ವಂಶವಾಹಿ ದೋಷವದು. 1971ರಲ್ಲಿ ಜನಿಸಿದ ಟೆಕ್ಸಾಸಿನ ಡೇವಿಡ್ ವೆಟರ್ ಎಂಬ ಬಾಲಕ ಪ್ಲಾಸ್ಟಿಕ್ ಗುಳ್ಳೆಯಂಥ ಕೋಣೆಯಲ್ಲಿ ಹನ್ನೆರಡು ವರ್ಷ ಬಾಳಿ, ಅಸ್ಥಿಮಜ್ಜೆಯ ಕಸಿಯ ನಂತರ 1984ರಲ್ಲಿ ತೀರಿಕೊಂಡ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಶಿಶುಗಳು ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಕಸಿ 1968ರಲ್ಲಿಯೇ ಮೊದಲ ಬಾರಿಗೆ ಫಲಿಸಿತ್ತು. ಈಗ ಶೈಶವದಲ್ಲಿಯೇ ರೋಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ. ನಿಜವಾಗಿ ಕಾಯಿಲೆಯಿರುವ ಮಗುವಿಗೆ ಕಟ್ಟುನಿಟ್ಟಿನ ಕಾವಲು ಚಿಕಿತ್ಸೆಯ ಅಂಗವೇ ಹೊರತು ದಬ್ಬಾಳಿಕೆಯಲ್ಲ. ರೋಗವೇ ಸುಳ್ಳೆಂದು ಮುಗಿಯುವ ಕಥೆಯಿಂದ ಅಂಥ ಮಕ್ಕಳಿಗೆ ಸಮಾಧಾನ ಸಿಗಲಾರದು. ಇದು ಕೃತಿಯ ಕೊರತೆಯೆಂದೇ ನನ್ನೆಣಿಕೆ.

ಮಕ್ಕಳಿಗೆ ಇಲ್ಲದ ರೋಗವನ್ನು ಉದ್ದೇಶಪೂರ್ವಕವಾಗಿ ಹೊರಿಸುವ ಪೋಷಕರನ್ನು ಕುರಿತು 1977ರಲ್ಲಿ ಇಂಗ್ಲೆಂಡಿನ ಶಿಶುವೈದ್ಯ ರಾಯ್ ಮೆಡೋ ಬರೆದರು. ಪಾಲೀನ್ ಅಂಥ ವಂಚಕಿಯಲ್ಲ. ತನ್ನ ಸುಳ್ಳನ್ನು ತಾನೇ ನಂಬಿದವಳು. ಆದ್ದರಿಂದಲೇ ಅವಳು ನಮಗೆ ಹೆಚ್ಚು ಹತ್ತಿರದವಳು. 1979ರಲ್ಲಿ ಆಸ್ಟ್ರೇಲಿಯಾದ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು ಹೆತ್ತವರ ನಡತೆಯನ್ನು ಅಳೆಯಲು 25 ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಅದರಲ್ಲಿ ಅಕ್ಕರೆಯ ಅಳತೆ ಬೇರೆ, ಅತಿರಕ್ಷಣೆಯ ಅಳತೆ ಬೇರೆ. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ಹೊಂದಿಸಿಕೊಳ್ಳುವಂತಿಲ್ಲ. “ಅಷ್ಟು ಪ್ರೀತಿಸುತ್ತೇನಲ್ಲ!” ಎಂಬುದು ಬಾಗಿಲಿಗೆ ಬೀಗ ಹಾಕಿದ್ದಕ್ಕೆ ಸಮಜಾಯಿಷಿಯಾಗದು.

ಬ್ಯಾಂಕಿನ ನೌಕರಿಯಲ್ಲಿ ಕಲಿಯುವ ಮೊದಲ ಪಾಠವೆಂದರೆ, ಒಬ್ಬರು ಬರೆದ ನಮೂದನ್ನು ಇನ್ನೊಬ್ಬರು ತಾಳೆ ನೋಡಬೇಕು. ಬರೆದವರು ಅಪ್ರಾಮಾಣಿಕರೆಂದಲ್ಲ, ತನ್ನ ತಪ್ಪು ತನಗೆ ಕಾಣದೆಂದು. ಪಾಲೀನಳ ಮನೆಯಲ್ಲಿ ತಾಯಿಯೂ ಅವಳೇ, ವೈದ್ಯೆಯೂ ಅವಳೇ, ತನಿಖೆಯವಳೂ ಅವಳೇ. ಎರಡನೆಯ ಕಣ್ಣು ಅಲ್ಲಿರಲಿಲ್ಲ. ಊರಿನಲ್ಲಿದ್ದಾಗ ನಮಗೆ ಅಜ್ಜಿ, ಸೋದರತ್ತೆ, ಎದುರುಮನೆಯ ಹಿರಿಯರು ಆ ಎರಡನೆಯ ಕಣ್ಣಾಗಿದ್ದರು. “ಬಿಡೇ, ಹೋಗಿ ಬರಲಿ” ಎಂದು ತಾಯಿಯನ್ನು ಗದರುವ ಅಧಿಕಾರ ಅವರಿಗಿತ್ತು. ಈ ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಬಾಗಿಲು ಮುಚ್ಚಿದರೆ ನಮ್ಮ ಭಯಕ್ಕೆ ನಾವೇ ಸಾಕ್ಷಿ, ನಾವೇ ನ್ಯಾಯಾಧೀಶರು.

ನಮ್ಮ ಮಗಳಿಗೆ ಬಾಲ್ಯದಲ್ಲಿ ಉಬ್ಬಸವಿತ್ತು. ಅದು ನಿಂತು ವರ್ಷಗಳೇ ಕಳೆದಿದ್ದರೂ ಧೂಳು, ಮಳೆ, ಐಸ್‌ಕ್ರೀಂ ಎಲ್ಲಕ್ಕೂ ಮನೆಯಲ್ಲಿ ನಿಷೇಧವಿತ್ತು. ಕಳೆದ ಮಳೆಗಾಲದಲ್ಲಿ ಸಹಪಾಠಿಗಳೊಡನೆ ಸಹ್ಯಾದ್ರಿಯ ಕೋಟೆಯೊಂದಕ್ಕೆ ಚಾರಣ ಹೊರಟಾಗ ಬೇಡವೆಂದದ್ದು ಅವಳ ತಾಯಿಯಲ್ಲ, ನಾನು. ಅವಳು ವಾದಿಸಲಿಲ್ಲ, ಈ ಪುಸ್ತಕವನ್ನು ಓದುತ್ತ ಕುಳಿತಳು. ನಾನೂ ಓದಿ ಮುಗಿಸಿದ ಮೇಲೆ ಮೂವರೂ ವೈದ್ಯರಲ್ಲಿಗೆ ಹೋದೆವು. ಉಸಿರಾಟದ ಪರೀಕ್ಷೆ ಮಾಡಿ, ಔಷಧಿಯ ಪಂಪು ಜೊತೆಗಿರಲಿ, ಧಾರಾಳವಾಗಿ ಹೋಗಲಿ ಎಂದರು ಅವರು. ಮುಂದಿನ ಚಾರಣಕ್ಕೆ ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೆಸರು ಮೆತ್ತಿದ ಬೂಟಿನೊಡನೆ ಬಾಗಿಲಲ್ಲಿ ನಿಂತಿದ್ದಳು.

ಅಪ್ರಾಪ್ತವಯಸ್ಕರ ಬ್ಯಾಂಕ್ ಖಾತೆಯನ್ನು ಪಾಲಕರು ನಡೆಸುತ್ತಾರೆ. ಹದಿನೆಂಟು ತುಂಬಿದ ದಿನ ಆ ಅಧಿಕಾರ ಮುಗಿಯುತ್ತದೆ. ಮುಂದೆ ಖಾತೆಗೆ ಮಕ್ಕಳದೇ ಸಹಿ ಬೇಕು. ಪಾಲಕರು ಹಣ ತಿಂದಿದ್ದರೆಂದು ಯಾರೂ ಆರೋಪಿಸುವುದಿಲ್ಲ. ಅವರ ಕೆಲಸ ಮುಗಿಯಿತು, ಅಷ್ಟೆ. ಮಕ್ಕಳ ಆರೋಗ್ಯದ ಖಾತೆಯೂ ಹಾಗೆಯೇ. ಹಳೆಯ ಭಯವನ್ನು ಆಗಾಗ ವೈದ್ಯರ ಮುಂದಿಟ್ಟು ತಾಳೆ ನೋಡಿಸೋಣ, ಬಾಕಿಯಿದ್ದಷ್ಟು ಎಚ್ಚರವನ್ನು ಮಕ್ಕಳಿಗೇ ವಿವರಿಸೋಣ, ಸಹಿಯ ಹಕ್ಕನ್ನು ಸಕಾಲಕ್ಕೆ ಅವರಿಗೊಪ್ಪಿಸೋಣ. ನಿದ್ದೆಗೆಡುವ ಹಕ್ಕು ಹೇಗೂ ನಮ್ಮಲ್ಲಿಯೇ ಉಳಿಯುತ್ತದೆ.