ತಕ್ಕಡಿಗೆ ಬೇಡವಾದ ಚಮಚ

ನಮ್ಮ ಮನೆಗಳಲ್ಲಿ ಹಳೆಯ ಬೆಳ್ಳಿಗೆ ಇರುವುದು ಒಂದೇ ದಾರಿ. ಲೋಟ ಸೊಟ್ಟಗಾಯಿತೆಂದೋ ಕಾಲುಂಗುರ ಸವೆಯಿತೆಂದೋ ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ಯುತ್ತೇವೆ. ಅವರು ತಕ್ಕಡಿಗೆ ಹಾಕುತ್ತಾರೆ, ಬೆಸುಗೆಯ ಲೆಕ್ಕ ಕಳೆಯುತ್ತಾರೆ, ಉಳಿದ ತೂಕಕ್ಕೆ ಹೊಸದು ಕೊಡುತ್ತಾರೆ. ಅಜ್ಜಿಯ ಲೋಟದ ಕಂಠದಲ್ಲಿದ್ದ ಬಳ್ಳಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇಂಗ್ಲೆಂಡು, ಅಮೆರಿಕದ ಕರಕುಶಲ ಸಂತೆಗಳಲ್ಲಿ ಮಾರುವ ಚಮಚದ ಉಂಗುರದ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಲೋಹಕ್ಕೆ ಬೆಲೆ ಇಲ್ಲವೆಂದರೂ ನಡೆದೀತು, ಬೆಲೆಯೆಲ್ಲ ಬಳ್ಳಿಗೆ.

ಹಳೆಯ ಟೀ ಚಮಚದ ಹಿಡಿಯನ್ನು ಕತ್ತರಿಸಿ, ಬೆರಳಿನ ಸುತ್ತಳತೆಗೆ ಬಗ್ಗಿಸಿದರೆ ಆ ಉಂಗುರ ಸಿದ್ಧ. ಹಿಡಿಯ ಅಗಲವಾದ ತುದಿಯಲ್ಲಿರುವ ಗುಲಾಬಿಯೋ ಶಂಖವೋ ಬೆರಳ ಮೇಲೆ ಕೂರುತ್ತದೆ, ತೆಳುವಾದ ಕಡೆ ಸುತ್ತಿ ಬಂದು ಅದರ ಪಕ್ಕಕ್ಕೆ ಒರಗುತ್ತದೆ. ನಮ್ಮ ಸುತ್ತಿನ ಕಾಲುಂಗುರ ನೋಡಿದವರಿಗೆ ಈ ಆಕಾರ ಹೊಸದೇನಲ್ಲ. ಒಳಮೈಯನ್ನು ಬೆಳಕಿಗೆ ಹಿಡಿದರೆ ಕೆಲವದರಲ್ಲಿ ನಾಲ್ಕು ಪುಟ್ಟ ಅಕ್ಷರ ಕಾಣುತ್ತವೆ: ಇ, ಪಿ, ಎನ್, ಎಸ್. ಈ ಕಸುಬು ಹುಟ್ಟಿದ ಕಥೆಯೆಲ್ಲ ಆ ನಾಲ್ಕು ಅಕ್ಷರಗಳಲ್ಲಿದೆ.

ಮಾರುವವರು ಹೇಳುವ ಕಥೆ ಮಾತ್ರ ಬೇರೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಮದುವೆಯ ಉಂಗುರಕ್ಕೆ ಕಾಸಿಲ್ಲದ ಆಳುಗಳು ಯಜಮಾನರ ಬೆಳ್ಳಿ ಚಮಚ ಕದ್ದು, ಬಗ್ಗಿಸಿ, ಹುಡುಗಿಯ ಬೆರಳಿಗೆ ತೊಡಿಸುತ್ತಿದ್ದರಂತೆ. ಕೇಳಲು ಸೊಗಸಾಗಿದೆ, ನಂಬಲು ನನಗೆ ಮನಸ್ಸಿಲ್ಲ. ಹನ್ನೆರಡು ಪೆನ್ಸ್ ಮೀರಿದ ಕಳವಿಗೆ ನೇಣಿನ ಭಯವಿದ್ದ ಕಾಲ ಅದು. ದೊಡ್ಡ ಮನೆಗಳಲ್ಲಿ ಚಮಚಗಳನ್ನು ಎಣಿಸಿ ಇಡುತ್ತಿದ್ದರು, ಎಷ್ಟೋ ಚಮಚಗಳ ಮೇಲೆ ಮನೆತನದ ಲಾಂಛನವೇ ಇರುತ್ತಿತ್ತು. ಕದ್ದ ಮಾಲನ್ನು ಬೆರಳಿಗೆ ಹಾಕಿಕೊಂಡು ಅದೇ ಮನೆಯಲ್ಲಿ ತಟ್ಟೆ ತೊಳೆಯುವ ಧೈರ್ಯ ಯಾರಿಗಿತ್ತು?

ಅಸಲಿ ಬೆಳ್ಳಿಯ ಹಣೆಬರಹ ಅಲ್ಲಿಯೂ ಕುಲುಮೆಯೇ. ಅಂತರ್ಯುದ್ಧದ ನಡುವೆ, 1643ರಲ್ಲಿ, ದೊರೆ ಒಂದನೇ ಚಾರ್ಲ್ಸ್ ಆಕ್ಸ್‌ಫರ್ಡಿನ ಕಾಲೇಜುಗಳ ಬೆಳ್ಳಿ ಪಾತ್ರೆಗಳನ್ನು ತರಿಸಿ ನಾಣ್ಯಕ್ಕೆ ಕರಗಿಸಿದ. ಮೂರು ಶತಮಾನ ದಾಟಿದ ಮೇಲೆ, ಅಮೆರಿಕದ ಹಂಟ್ ಸೋದರರು ಬೆಳ್ಳಿಯನ್ನು ಗುಡ್ಡೆಹಾಕಿಕೊಂಡಾಗಲೂ ಆದದ್ದು ಇದೇ. 1979ರ ಆರಂಭದಲ್ಲಿ ಔನ್ಸಿಗೆ ಆರು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1980ರ ಜನವರಿಯಲ್ಲಿ ಐವತ್ತರ ಹತ್ತಿರ ಹೋಯಿತು. ಜನ ಅಜ್ಜಿಯ ಚಮಚ, ಟೀ ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಸಾಲು ನಿಂತರು. ಮಾರ್ಚ್ ತಿಂಗಳಲ್ಲಿ ಬೆಲೆ ಕುಸಿದಾಗ ಕರಗಿದ್ದು ಕರಗಿಯಾಗಿತ್ತು.

ಕರಗದೆ ಉಳಿದದ್ದು ಗಿಲೀಟು. ಅದರ ಮೊದಲ ಅಧ್ಯಾಯ ಇಂಗ್ಲೆಂಡಿನ ಶೆಫೀಲ್ಡ್ ಊರಿನದು. 1743ರ ಸುಮಾರಿಗೆ ಥಾಮಸ್ ಬೋಲ್ಸೋವರ್ ಎಂಬ ಚಾಕು ಕಸುಬಿನವನು ಚಾಕುವಿನ ಹಿಡಿಯೊಂದನ್ನು ರಿಪೇರಿ ಮಾಡುವಾಗ ಕಾವು ಹೆಚ್ಚಾಗಿ ಬೆಳ್ಳಿಯೂ ತಾಮ್ರವೂ ಅಂಟಿಕೊಂಡವಂತೆ. ಬಿಡಿಸಲು ಬರಲಿಲ್ಲ, ತಟ್ಟಿದರೆ ಎರಡೂ ಒಂದೇ ತಗಡಿನಂತೆ ಹರಡಿದವು. ಆಮೇಲೆ 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಬಂಧುಗಳು ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಬೇಕಾದ ಸಯನೈಡ್ ದ್ರಾವಣದ ಉಪಾಯ ಹೊಳೆದದ್ದು ಅದೇ ಊರಿನ ಡಾಕ್ಟರ್ ಜಾನ್ ರೈಟ್‌ಗೆ. ಒಳಗಿನ ಲೋಹಕ್ಕೆ ಅವರಲ್ಲಿ ನಿಕ್ಕಲ್ ಸಿಲ್ವರ್ ಎಂದು ಹೆಸರು. ಹೆಸರಲ್ಲಷ್ಟೇ ಸಿಲ್ವರ್, ಇರುವುದು ತಾಮ್ರ, ನಿಕ್ಕಲ್, ಸತು. ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಟ್ಟಲಾಗಿ, ಕುಂಕುಮದ ಭರಣಿಯಾಗಿ ಕೈಸೇರುವ ನಮ್ಮ ಜರ್ಮನ್ ಸಿಲ್ವರ್ ಇದೇ ಲೋಹದ ಹೆಸರು. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ನಿಕ್ಕಲ್ ಸಿಲ್ವರ್ ಎಂಬುದರ ಮೊದಲಕ್ಷರಗಳೇ ಆ ಇಪಿಎನ್‌ಎಸ್.

ಮಧ್ಯಮ ವರ್ಗದ ಊಟದ ಮೇಜಿಗೂ ಬೆಳ್ಳಿಯ ಹೊಳಪು ಬಂತು. ಉಕ್ಕಿನ ಅಚ್ಚಿನಲ್ಲಿ ಒತ್ತಿ ಚಿತ್ತಾರ ಮೂಡಿಸುತ್ತಿದ್ದರಿಂದ ಡಜನ್ ಚಮಚಕ್ಕೂ ಒಂದೇ ಹೂವು, ಒಂದೇ ಶಂಖ. ಶೆಫೀಲ್ಡಿನಲ್ಲಿ ಇವುಗಳಿಗೆ ಹೊಳಪು ಕೊಡುತ್ತಿದ್ದವರು ಹೆಂಗಸರು. ಬಫರ್ ಗರ್ಲ್ಸ್ ಎಂದೇ ಅವರ ಹೆಸರು. ತಿರುಗುವ ಚಕ್ರಕ್ಕೆ ಎಣ್ಣೆ, ಮರಳು ಹಚ್ಚಿ ಉಜ್ಜುವಾಗ ಮೈಗೆ ಸಿಡಿಯುವ ಕೊಳೆಗೆ ಅಡ್ಡವಾಗಿ ಕಂದು ಕಾಗದ ಸುತ್ತಿಕೊಳ್ಳುತ್ತಿದ್ದರು. ಉಂಗುರದ ಮೇಲಿನ ಹೊಳಪಿನಲ್ಲಿ ಅವರ ಕೈಯೂ ಇದೆ, ಆದರೆ ಚಮಚದ ಮೇಲೆ ಒತ್ತಿರುವುದು ಕಂಪನಿಯ ಹೆಸರು.

ಒತ್ತಿದ ಗುರುತುಗಳು ಮೋಸವನ್ನೂ ಮಾಡುತ್ತವೆ. ಇಂಗ್ಲೆಂಡಿನ ಅಸಲಿ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆ; ಬರ್ಮಿಂಗ್‌ಹ್ಯಾಮಿನದಾದರೆ ಜೊತೆಗೆ ಹಡಗಿನ ಲಂಗರು. ಲೇಪದ ಕಂಪನಿಗಳಲ್ಲಿ ಕೆಲವು ಅಕ್ಷರಕ್ಕೊಂದು ಚೌಕಟ್ಟು ಹಾಕಿ, ದೂರಕ್ಕೆ ಅದೇ ಮುದ್ರೆಯೆನಿಸುವಂತೆ ಒತ್ತಿದವು. ಅಮೆರಿಕದ ಚಮಚಗಳ ಮೇಲೆ ‘1847 ರೋಜರ್ಸ್ ಬ್ರದರ್ಸ್’ ಎಂದಿರುವುದನ್ನು ಕಂಡು ಅಷ್ಟು ಹಳೆಯದೆಂದು ಹಿಗ್ಗುವವರು ಈಗಲೂ ಇದ್ದಾರೆ. ಅದು ತಯಾರಾದ ವರ್ಷವಲ್ಲ, ವ್ಯಾಪಾರದ ಗುರುತಿನ ಭಾಗ. 20ನೇ ಶತಮಾನದ ಚಮಚಗಳ ಮೇಲೂ 1847 ಎಂದೇ ಇದೆ.

ಈ ಚಮಚಗಳನ್ನು ಮೇಜಿನಿಂದ ಇಳಿಸಿದ್ದೂ ಶೆಫೀಲ್ಡೇ. ಬಂದೂಕಿನ ನಳಿಕೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಎರಕಹೊಯ್ದ. ಸ್ಟೀಲಿನ ಚಮಚ ಕಪ್ಪಾಗದು, ಪಾಲಿಶ್ ಕೇಳದು. ಬೆಳ್ಳಿ ಲೇಪದ್ದು ಕಪ್ಪಾಗುತ್ತದೆ, ಆಗಾಗ ಉಜ್ಜಬೇಕು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವಂತಿಲ್ಲ. ಮಾರೋಣವೆಂದರೆ ಬೆಳ್ಳಿಯ ಅಂಗಡಿಯವನು ಮೂಸಿ ನೋಡುವುದಿಲ್ಲ. ಡ್ರಾಯರ್‌ಗಳಲ್ಲಿ ಕೂತಿದ್ದು ಹಳೇ ಸಾಮಾನಿನ ಸಂತೆಗೆ ಬಂತು, ಡಬ್ಬಿ ಲೆಕ್ಕದಲ್ಲಿ. 1970ರ ದಶಕದಲ್ಲಿ ಹಿಪ್ಪಿ ಉಡುಪಿನ ಜೊತೆ ಚಮಚದ ಉಂಗುರ ಅಮೆರಿಕದಲ್ಲಿ ಫ್ಯಾಷನ್ ಆದಾಗ, ಕಲಿಯುವವರಿಗೆ ಕೆಡಿಸಿದರೂ ನಷ್ಟವಿಲ್ಲದ ಲೋಹ ಹೇರಳವಾಗಿ ಸಿಕ್ಕಿದ್ದು ಹೀಗೆ.

ಕೆಲಸ ನೋಡಲು ಸುಲಭ. ಬೆರಳಿಗೆ ಕಾಗದದ ಪಟ್ಟಿ ಸುತ್ತಿ ಅಳತೆ ತೆಗೆದು, ಹಿಡಿಯ ಮೇಲೆ ಗೆರೆ ಹಾಕಿ, ಸಣ್ಣ ಗರಗಸದಿಂದ ಕೊಯ್ಯಬೇಕು. ಕೊಯ್ದ ಕಡೆ ಬೆಳ್ಳಿಯ ತೆಳುಪೊರೆಯ ನಡುವೆ ಮಂಕು ಹಳದಿ ಛಾಯೆಯ ಲೋಹ ಇಣುಕುತ್ತದೆ. ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಪಕ್ಕದ ಬೆರಳು ಗೀರುತ್ತದೆ. ಬಗ್ಗಿಸುವುದಕ್ಕೆ ಕಬ್ಬಿಣದ ಸುತ್ತಿಗೆ ಬೇಡ, ಹೂವಿನ ಮೂಗು ಚಪ್ಪಟೆಯಾದೀತು. ತೊಗಲು ಅಥವಾ ನೈಲಾನಿನ ಕೊಡತಿ ಬೇಕು. ಉಂಗುರದ ಅಳತೆಯ ಉಕ್ಕಿನ ಕೋಲಿನ ಮೇಲಿಟ್ಟು ಮೊದಲು ಎರಡು ತುದಿ, ಆಮೇಲೆ ನಡು. ನಡುವನ್ನು ಮೊದಲು ಬಗ್ಗಿಸಿಬಿಟ್ಟರೆ ತುದಿಗಳು ನೆಟ್ಟಗೆ ನಿಂತುಬಿಡುತ್ತವೆ, ಹಿಡಿತಕ್ಕೆ ಸಿಗುವುದಿಲ್ಲ.

ಅಸಲಿ ಬೆಳ್ಳಿಯಾದರೆ ಮಂದ ಬೆಳಕಿನಲ್ಲಿ ನಸುಗೆಂಪಾಗುವವರೆಗೆ ಕಾಸಿ ನೀರಿಗೆ ಅದ್ದಿದರೆ ಹೇಳಿದಂತೆ ಕೇಳುತ್ತದೆ. ಲೇಪದ್ದನ್ನು ಹಾಗೆ ಕಾಸಿದರೆ ಬೆಳ್ಳಿಯ ಪೊರೆ ಕೆಡುತ್ತದೆ. ಹಾಗಾಗಿ ತಣ್ಣಗೇ ಬಗ್ಗಿಸಬೇಕು, ಒಂದೇ ದಿಕ್ಕಿಗೆ. ಸರಿಬರಲಿಲ್ಲವೆಂದು ಬಿಚ್ಚಿ, ಮತ್ತೆ ಸುತ್ತಿದರೆ ಲೋಹ ಸೆಟೆದುಕೊಂಡು ಬಿರಿಯುತ್ತದೆ. ತಂತಿಯನ್ನು ಅತ್ತಿತ್ತ ಮಡಚಿ ತುಂಡುಮಾಡಿದವರಿಗೆಲ್ಲ ಈ ಪಾಠ ಗೊತ್ತು. ಸ್ಟೀಲು ಬಗ್ಗುವ ಬದಲು ಪುಟಿಯುತ್ತದೆ, ಕೈ ನೋಯಿಸಿಕೊಂಡದ್ದೇ ಲಾಭ. ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಟೊಳ್ಳು ಹಿಡಿಯ ಚಾಕುವಿನ ಹತ್ತಿರ. ಒಳಗೆ ಅರಗೋ ಸಿಮೆಂಟೋ ತುಂಬಿರುತ್ತಾರೆ. ಉರಿ ತಾಗಿಸಿದರೆ ಸಿಡಿದೀತು.

ನಿಕ್ಕಲ್ ಆಗದ ಚರ್ಮದವರಿಗೆ, ಪೊರೆ ಸವೆದ ಉಂಗುರ ತುರಿಕೆ ತರುತ್ತದೆ, ಬೆರಳಿಗೆ ಹಸಿರು ಬಣ್ಣವೂ ಹತ್ತಬಹುದು. ಮಾರುವವರಲ್ಲಿ ಪ್ರಾಮಾಣಿಕರು ಇದನ್ನು ಮೊದಲೇ ಹೇಳುತ್ತಾರೆ.

ನಮ್ಮಲ್ಲಿ ಚಮಚದ ಉಂಗುರಕ್ಕೆ ಹತ್ತಿರದ್ದು ಕಾಸಿನ ಸರ. ಅಲ್ಲಿಯೂ ನಾಣ್ಯವನ್ನು ಕರಗಿಸದೆ, ಮುಖವನ್ನು ಹಾಗೇ ಬಿಟ್ಟು ಪೋಣಿಸುತ್ತಾರೆ. ಆದರೆ ಚಿನ್ನದ ಕಾಸಿಗೆ ಕಷ್ಟಕಾಲದಲ್ಲಿ ಅಡವಿಡುವ ಯೋಗ್ಯತೆ ಇದೆ, ಇದಕ್ಕೆ ಅದಿಲ್ಲ.

ಉಂಗುರಕ್ಕೆ ಹೋಗುವುದು ಚಮಚದ ಬಾಲ. ಫೋರ್ಕಾದರೆ ಹಲ್ಲುಗಳನ್ನು ಸುರುಳಿ ಸುತ್ತಿ ಬಳೆ ಮಾಡುತ್ತಾರೆ, ಇಲ್ಲವೇ ಇಡೀ ಫೋರ್ಕನ್ನು ಬಗ್ಗಿಸಿ ಗೋಡೆಗೆ ಹೊಡೆದು ಕೋಟು ನೇತುಹಾಕುತ್ತಾರೆ. ಚಮಚ ಕೊಯ್ದಾಗ ಉಳಿಯುವ ತಲೆಗಳು, ಅಂದರೆ ಸೂಪು ಹಿಡಿಯುತ್ತಿದ್ದ ಕುಳಿಗಳು, ಬಹಳ ದಿನ ಡಬ್ಬಿಯಲ್ಲಿ ಬಿದ್ದಿರುತ್ತವೆ. ಕೆಲವರು ಅವನ್ನು ತಟ್ಟಿ ಚಪ್ಪಟೆ ಮಾಡಿ, ತೂತು ಕೊರೆದು, ಟೀ ಪಾತ್ರೆಯ ಮುಚ್ಚಳಕ್ಕೆ ಕಟ್ಟಿ ಗಾಳಿಗಂಟೆ ಮಾಡುತ್ತಾರೆ. ಇಡೀ ಚಮಚವೇ ಇದ್ದರೆ ಕುಳಿಯನ್ನು ಚಪ್ಪಟೆ ಮಾಡಿ, ಅಕ್ಷರದ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆದು, ಪುದೀನ ಎಂದೋ ಪಾರ್ಸ್ಲಿ ಎಂದೋ ಬರೆದು, ಹಿಡಿಯನ್ನು ಕುಂಡದ ಮಣ್ಣಿಗೆ ಚುಚ್ಚಿಡುತ್ತಾರೆ. ಶಂಖದ ಚಿತ್ತಾರ ಆಗ ಮಣ್ಣೊಳಗೆ.